ಕರಾವಳಿಯ ತೇವದಲ್ಲಿ ಬಣ್ಣವನ್ನು ನಿಲ್ಲಿಸುವುದು: ವೈಡ್ ಫಾರ್ಮ್ಯಾಟ್ ಮುದ್ರಣದ ಯಂತ್ರ, ಮೀಡಿಯಾ ಮತ್ತು ಅಳತೆ

(ಮಂಗಳೂರಿನಲ್ಲಿ ಮುದ್ರಣ ವೃತ್ತಿಯವರು ಮತ್ತು ವಿನ್ಯಾಸಕಾರರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ಕೇಸರಿ ಬಣ್ಣದ ಬ್ಯಾನರ್ ಇಟ್ಟಿಗೆ ಕೆಂಪಾಗಿ ಹೊರಬಂದರೆ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಕಂಪ್ಯೂಟರಿನಲ್ಲಿ ಫೈಲನ್ನು ತೆರೆದು, ಮೆಜೆಂಟಾ ಎಂಬ ಕೆನ್ನೇರಳೆ ಶಾಯಿಯನ್ನು ಹತ್ತು ಅಂಶ ತಗ್ಗಿಸಿ, ಒಂದು ಅಡಿಯ ತುಂಡನ್ನು ಮುದ್ರಿಸಿ ನೋಡಿ, ಸರಿ ಕಂಡರೆ ಮುಂದುವರಿಯುವುದು. ಆ ಹೊತ್ತಿನ ಕೆಲಸ ಅದರಿಂದ ನಡೆಯುತ್ತದೆ, ನಿಜ. ಆದರೆ ಹಾಗೆ ತಿದ್ದಿದ ಫೈಲು ಆ ಯಂತ್ರಕ್ಕೆ, ಆ ರೋಲಿಗೆ, ಆ ದಿನದ ಹವೆಗೆ ಮಾತ್ರ ಹೊಂದುವ ಫೈಲು. ಕೆಲವು ತಿಂಗಳ ಬಳಿಕ ಅದೇ ದೇವಸ್ಥಾನದ ಸಮಿತಿಯವರು ಅದೇ ಬ್ಯಾನರ್ ಬೇಕೆಂದು ಬಂದಾಗ ಹಿಂದಿನ ತಿದ್ದುಪಡಿಯೇ ದೋಷವಾಗಿ ನಿಲ್ಲುತ್ತದೆ, ಅದರ ಮೇಲೆ ಇನ್ನೊಂದು ತಿದ್ದುಪಡಿ ಬೀಳುತ್ತದೆ. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ: ಯಂತ್ರದ ದೋಷವನ್ನು ಫೈಲಿನಲ್ಲಿ ತಿದ್ದಬಾರದು. ಯಂತ್ರವನ್ನು ಅಳೆದು ತಿಳಿದ ಒಂದು ಸ್ಥಿತಿಯಲ್ಲಿ ನಿಲ್ಲಿಸಬೇಕು, ಆ ಸ್ಥಿತಿಯನ್ನು ಪ್ರೊಫೈಲಿನಲ್ಲಿ, ಅಂದರೆ ಯಾವ ಅಂಕೆಗೆ ಯಾವ ಬಣ್ಣ ಬರುತ್ತದೆ ಎಂಬುದರ ಕಡತದಲ್ಲಿ, ದಾಖಲಿಸಬೇಕು, ಯಂತ್ರ ಜಾರಿದಾಗಲೆಲ್ಲ ಅದನ್ನು ಅದೇ ಸ್ಥಿತಿಗೆ ಮರಳಿ ತರಬೇಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಕರಾವಳಿಯಲ್ಲಿ ಆ ಕೆಲಸ ಒಣಹವೆಯ ಊರುಗಳಿಗಿಂತ ಕಷ್ಟದ್ದು, ಆದ್ದರಿಂದಲೇ ಹೆಚ್ಚು ಅಗತ್ಯವಾದದ್ದು.

ಈ ಊರಿಗೆ ಮುದ್ರಣ ಹೊಸದಲ್ಲ. ಕನ್ನಡದ ಮೊದಲ ಪತ್ರಿಕೆ 1843ರಲ್ಲಿ ಇಲ್ಲಿಯೇ, ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ ಅಚ್ಚಾಯಿತು. ಮುಂದೆ ಆಫ್‌ಸೆಟ್ ಯಂತ್ರಗಳು ಬಂದಾಗ ಹಾಳೆಯ ಅಂಚಿನಲ್ಲಿ ಬಣ್ಣದ ಪಟ್ಟಿಯನ್ನು ಮುದ್ರಿಸಿ, ಅದರ ಗಾಢತೆಯನ್ನು ಡೆನ್ಸಿಟೋಮೀಟರಿನಲ್ಲಿ ಅಳೆದು, ಶಾಯಿಯನ್ನು ಹದಕ್ಕೆ ತರುವ ಶಿಸ್ತು ಇಲ್ಲಿಯ ಒಳ್ಳೆಯ ಮುದ್ರಣಾಲಯಗಳಲ್ಲಿ ಬೆಳೆಯಿತು. ಫ್ಲೆಕ್ಸ್ ಯಂತ್ರಗಳು ಬಂದಾಗ ಆ ಶಿಸ್ತು ಅವುಗಳ ಜೊತೆಗೆ ಬರಲಿಲ್ಲ. ಈ ವೃತ್ತಿಗೆ ಬಂದ ಅನೇಕರು ಕೈಯಲ್ಲಿ ಬೋರ್ಡು ಬರೆಯುತ್ತಿದ್ದ ಕಲಾವಿದರು. ಅವರ ಪಳಗಿದ ಕಣ್ಣಿನ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೂ ಮನುಷ್ಯರ ಕಣ್ಣು ಎದುರಿಗಿರುವ ಬೆಳಕಿಗೆ ಕೆಲವೇ ನಿಮಿಷಗಳಲ್ಲಿ ಹೊಂದಿಕೊಂಡುಬಿಡುತ್ತದೆ, ನಿನ್ನೆ ಕಂಡ ಬಣ್ಣವನ್ನು ಇಂದು ಕರಾರುವಾಕ್ಕಾಗಿ ನೆನಪಿಟ್ಟುಕೊಳ್ಳಲಾರದು. ಪಕ್ಕಪಕ್ಕದಲ್ಲಿಟ್ಟ ಎರಡು ಬಣ್ಣಗಳ ವ್ಯತ್ಯಾಸವನ್ನು ಗುರುತಿಸುವುದರಲ್ಲಿ ಕಣ್ಣಿಗೆ ಸಾಟಿಯಿಲ್ಲ. ಒಂದು ಬಣ್ಣವನ್ನು ತಿಂಗಳುಗಟ್ಟಲೆ ಕಾಪಾಡಿಕೊಳ್ಳಲು ಅಳತೆಯೇ ಬೇಕು.

ಯಂತ್ರದ ಆಯ್ಕೆಯ ಬಗ್ಗೆ ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ದೂರದಿಂದ ನೋಡುವ ಹೋರ್ಡಿಂಗುಗಳಿಗೆ 3.2 ಮೀಟರ್ ಅಗಲದ ಸಾಲ್ವೆಂಟ್ (ದ್ರಾವಕ ಆಧಾರಿತ ಶಾಯಿಯ) ಯಂತ್ರ, ಅಂಗಡಿಯ ಒಳಾಂಗಣದ ವಿನೈಲ್ ಮತ್ತು ವಾಹನಗಳ ಸ್ಟಿಕ್ಕರುಗಳಿಗೆ ಇಕೋ ಸಾಲ್ವೆಂಟ್ ಅಥವಾ ಲೇಟೆಕ್ಸ್, ಗಾಜು ಮತ್ತು ಅಕ್ರಿಲಿಕ್‌ನಂತಹ ಗಟ್ಟಿ ಹಲಗೆಗಳಿಗೆ ಯುವಿ ಫ್ಲಾಟ್‌ಬೆಡ್, ಛಾಯಾಚಿತ್ರ ಮತ್ತು ಕಲಾಕೃತಿಗಳ ಪ್ರತಿಗಳಿಗೆ ನೀರು ಆಧಾರಿತ ಪಿಗ್ಮೆಂಟ್ ಶಾಯಿಯ ಯಂತ್ರ ಎಂಬ ಸ್ಥೂಲ ವಿಂಗಡಣೆ ನಿಮಗೆಲ್ಲ ತಿಳಿದಿದೆ. ಕೊಳ್ಳುವ ಮೊದಲು ಮಾರಾಟಗಾರರ ಮಾದರಿ ಚಿತ್ರವನ್ನು ನೋಡಿ ಮರುಳಾಗದೆ, ನಿಮ್ಮದೇ ಫೈಲನ್ನು ನೀವು ಬಳಸುವ ಮೀಡಿಯಾದ, ಅಂದರೆ ಮುದ್ರಿಸುವ ವಿನೈಲ್, ಫ್ಲೆಕ್ಸ್ ಅಥವಾ ಬಟ್ಟೆಯ ಮೇಲೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮುದ್ರಿಸಿಕೊಡುವಂತೆ ಕೇಳಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಜೊತೆಗೆ ಕೊಡುವ, ಫೈಲನ್ನು ಯಂತ್ರದ ಶಾಯಿಹನಿಗಳಾಗಿ ಬದಲಿಸುವ ರಿಪ್ ಸಾಫ್ಟ್‌ವೇರಿನಲ್ಲಿ ನೀವೇ ಲೀನಿಯರೈಸೇಶನ್ (ಛಾಯೆಗಳು ಸಮನಾಗಿ ಏರುವಂತೆ ಹೊಂದಿಸುವುದು) ಮಾಡಿ ಪ್ರೊಫೈಲ್ ತಯಾರಿಸಲು ಅವಕಾಶವಿದೆಯೇ ಎಂದು ವಿಚಾರಿಸಿ. ತಿಳಿ ಸಯಾನ್, ತಿಳಿ ಮೆಜೆಂಟಾ ಶಾಯಿಗಳಿರುವ ಆರು ಬಣ್ಣದ ಯಂತ್ರ ಹೆಚ್ಚು ಬಣ್ಣಗಳನ್ನು ಕೊಡುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಆ ತಿಳಿ ಶಾಯಿಗಳು ಮೈಬಣ್ಣ ಮತ್ತು ಆಕಾಶದಂತಹ ಭಾಗಗಳಲ್ಲಿ ಚುಕ್ಕೆಗಳು ಕಾಣದಂತೆ ನಯಗೊಳಿಸುತ್ತವೆ. ಬಣ್ಣದ ವ್ಯಾಪ್ತಿ ಹಿಗ್ಗಬೇಕಾದರೆ ಕಿತ್ತಳೆ, ಹಸಿರು, ನೇರಳೆಯಂತಹ ಶಾಯಿಗಳು ಬೇಕು.

ಈಗ ಹವೆಯ ವಿಚಾರ. ಈ ಯಂತ್ರಗಳ ಕೈಪಿಡಿಗಳು ಸಾಮಾನ್ಯವಾಗಿ 20ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಾಗೂ ಶೇಕಡಾ 40ರಿಂದ 60ರ ಆಸುಪಾಸಿನ ಸಾಪೇಕ್ಷ ಆರ್ದ್ರತೆಯನ್ನು ಕೇಳುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಹೊರಗಿನ ಗಾಳಿ ಶೇಕಡಾ 90ರ ಹತ್ತಿರದಲ್ಲಿರುತ್ತದೆ. ಏಸಿ ಹಾಕಿದ್ದೇವಲ್ಲ ಎಂದು ಹಲವರು ನೆಮ್ಮದಿಯಾಗಿರುತ್ತಾರೆ. ಆದರೆ ಅಷ್ಟೇ ನೀರಾವಿ ಇರುವ ಗಾಳಿಯನ್ನು ತಣ್ಣಗಾಗಿಸಿದರೆ ಅದರ ಸಾಪೇಕ್ಷ ಆರ್ದ್ರತೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಏಸಿ ನೀರನ್ನು ಹಿಂಡಿ ತೆಗೆಯುವುದು ಅದರ ಕಂಪ್ರೆಸರ್ ಓಡುತ್ತಿರುವಾಗ ಮಾತ್ರ. ಜುಲೈ-ಆಗಸ್ಟ್ ಹೊತ್ತಿನ ಆಟಿ ತಿಂಗಳಲ್ಲಿ ಹೊರಗೇ ತಂಪಿರುವುದರಿಂದ ಕಂಪ್ರೆಸರ್ ಬೇಗನೆ ನಿಂತುಬಿಡುತ್ತದೆ, ಕೋಣೆ ತಂಪಾಗಿಯೂ ತೇವವಾಗಿಯೂ ಉಳಿಯುತ್ತದೆ. ಆದ್ದರಿಂದ ಮಳೆಗಾಲಕ್ಕೆ ಬೇಕಾದ ಉಪಕರಣ ಡಿಹ್ಯೂಮಿಡಿಫೈಯರ್. ಯಂತ್ರದ ಪಕ್ಕದಲ್ಲೊಂದು ಆರ್ದ್ರತಾಮಾಪಕವನ್ನು ನೇತುಹಾಕಿ. ಕೋಣೆಯ ಬಾಗಿಲಲ್ಲಿರುವ ಮಾಪಕ ಯಂತ್ರದ ಹತ್ತಿರದ ಸ್ಥಿತಿಯನ್ನು ಹೇಳುವುದಿಲ್ಲ. ರಾತ್ರಿ ಏಸಿಯನ್ನು ಆರಿಸಿ ಬಾಗಿಲು ತೆರೆದಿಟ್ಟರೆ ಹೊರಗಿನ ಬೆಚ್ಚನೆಯ ತೇವದ ಗಾಳಿ ತಣ್ಣಗಿರುವ ಲೋಹದ ಮೇಲೆ ನೀರಾಗಿ ಕೂರುತ್ತದೆ ಎಂಬುದನ್ನೂ ಗಮನಿಸಬೇಕು.

ಈ ತೇವದಿಂದ ಬಣ್ಣಕ್ಕೇನು ಎಂಬ ಪ್ರಶ್ನೆ ಸಹಜ. ವಿನೈಲ್ ಪ್ಲಾಸ್ಟಿಕ್ ಆದ್ದರಿಂದ ನೀರನ್ನು ಹೀರುವುದು ತೀರಾ ಕಡಿಮೆ. ಅದರ ಬೆನ್ನಿಗಿರುವ ರಿಲೀಸ್ ಪೇಪರ್ ಮಾತ್ರ ಹೀರುತ್ತದೆ. ರೋಲಿನ ಅಂಚು ಗಾಳಿಗೆ ತೆರೆದಿರುವುದರಿಂದ ಅಂಚೇ ಮೊದಲು ಹಿಗ್ಗಿ ಅಲೆಯಲೆಯಾಗುತ್ತದೆ. ಆ ಅಲೆಗೆ ಶಾಯಿ ಚಿಮ್ಮಿಸುವ ಹೆಡ್ ತಾಗಿದರೆ ಅದರ ಸಣ್ಣ ರಂಧ್ರಗಳಾದ ನಾಝಲ್‌ಗಳು ಹಾಳಾಗುತ್ತವೆ, ತಾಗದಿದ್ದರೂ ಹೆಡ್ ಮತ್ತು ಮೀಡಿಯಾದ ನಡುವಿನ ಅಂತರ ಬದಲಾಗಿ ಹನಿಗಳು ಬೀಳುವ ಜಾಗ ತಪ್ಪುತ್ತದೆ. ಕಾಗದ ಮತ್ತು ಬಟ್ಟೆ ತೇವ ಹೀರಿ ಹಿಗ್ಗುವುದರಿಂದ ಪ್ರತಿ ಹೆಜ್ಜೆಗೆ ಮುಂದೆ ಸಾಗುವ ದೂರ ಬದಲಾಗಿ ಅಡ್ಡಗೆರೆಗಳು, ಅಂದರೆ ಬ್ಯಾಂಡಿಂಗ್, ಕಾಣಿಸಿಕೊಳ್ಳುತ್ತವೆ. ನೀರು ಆಧಾರಿತ ಶಾಯಿ ಒಣಗುವುದು ತಡವಾಗಿ ಬಣ್ಣಗಳು ಒಂದರೊಳಗೊಂದು ಹರಿಯುತ್ತವೆ. ಹೀಗಾದಾಗ ಹೀಟರನ್ನು ಮನಬಂದಂತೆ ಏರಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಹೆಡ್‌ನ ಕೆಳಗೇ ಇರುವ ತಟ್ಟೆ ಬಿಸಿಯಾದಷ್ಟೂ ಶಾಯಿ ನಾಝಲ್ ಬಾಯಲ್ಲೇ ಒಣಗುತ್ತದೆ, ವಿನೈಲ್ ಮೆತ್ತಗಾಗಿ ಎಳೆಯಲ್ಪಡುತ್ತದೆ. ರೋಲುಗಳನ್ನು ಪ್ಲಾಸ್ಟಿಕ್ ಚೀಲದೊಳಗೆ ಮುಚ್ಚಿಡುವುದು, ಬಳಸುವುದಕ್ಕೆ 24 ಗಂಟೆ ಮೊದಲೇ ಮುದ್ರಣ ಕೋಣೆಗೆ ತಂದಿಡುವುದು, ರಾತ್ರಿ ಉಳಿದ ರೋಲನ್ನು ಯಂತ್ರದ ಮೇಲೆಯೇ ಬಿಡದಿರುವುದು — ಈ ಅಭ್ಯಾಸಗಳಿಂದ ಉಳಿಯುವಷ್ಟು ಹಣ ಶಾಯಿಯ ಬೆಲೆಯಲ್ಲಿ ಚೌಕಾಸಿ ಮಾಡಿದರೂ ಉಳಿಯದು.

ಸುರತ್ಕಲ್, ಮಲ್ಪೆ, ಪಣಂಬೂರಿನಂತಹ ಸಮುದ್ರದ ಅಂಚಿನ ಊರುಗಳಲ್ಲಿ ಅಂಗಡಿಯಿರುವವರಿಗೆ ಇನ್ನೊಂದು ಮಾತು. ಉಪ್ಪಿನ ಗಾಳಿ ಸರ್ಕ್ಯೂಟ್ ಬೋರ್ಡುಗಳ ಮೇಲೆ ಕುಳಿತರೆ ಆ ಉಪ್ಪು ತೇವವನ್ನು ಎಳೆದುಕೊಂಡು ತುಕ್ಕನ್ನು ತರುತ್ತದೆ. ಹೆಡ್ ಹೊತ್ತ ಗಾಡಿ ಎಲ್ಲಿದೆಯೆಂದು ಯಂತ್ರಕ್ಕೆ ತಿಳಿಸುವ ಎನ್‌ಕೋಡರ್ ಸ್ಟ್ರಿಪ್‌ನ ಮೇಲೆ ಶಾಯಿಯ ಮಂಜು ಮತ್ತು ತೇವ ಸೇರಿ ಪೊರೆ ಕಟ್ಟಿದರೆ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಹಾಗೆಂದು ಕೋಣೆಯನ್ನು ಪೂರ್ತಿ ಮುಚ್ಚಿ ಸಾಲ್ವೆಂಟ್ ಹೊಗೆಯನ್ನು ಕೆಲಸದ ಹುಡುಗರು ಉಸಿರಾಡುವಂತೆ ಮಾಡುವುದು ಅನ್ಯಾಯ. ಯಂತ್ರದ ಮುಂಭಾಗದ ಹೀಟರಿನ ಬಳಿಯಿಂದಲೇ ಹೊಗೆಯನ್ನು ಎಳೆದು ಹೊರಹಾಕುವ ಕೊಳವೆಯನ್ನಿಟ್ಟು, ಒಣಗುವ ಮುದ್ರಣಗಳನ್ನು ಬೇರೆ ಕೋಣೆಗೆ ಸಾಗಿಸಿದರೆ ಆರೋಗ್ಯವೂ ಉಳಿಯುತ್ತದೆ, ತೇವವೂ ಹತೋಟಿಯಲ್ಲಿರುತ್ತದೆ. ವಿದ್ಯುತ್ತಿನ ವಿಷಯದಲ್ಲಿ ಯುಪಿಎಸ್ ಇಲ್ಲದೆ ಯಂತ್ರ ನಡೆಸಬೇಡಿ. ಗುಡುಗಿನ ಸಂಜೆ ಕರೆಂಟು ಹೋದಾಗ ಹೆಡ್ ನಡುದಾರಿಯಲ್ಲಿ ಮುಚ್ಚಳವಿಲ್ಲದೆ ನಿಂತರೆ ಅದರ ಶಾಯಿ ಒಣಗುತ್ತದೆ. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ಥಿಂಗ್ ದುರ್ಬಲವಾಗುವುದರಿಂದ ಅರ್ಥಿಂಗ್ ಗುಂಡಿಗೆ ಆಗ ನೀರು ಹಾಕುತ್ತಿರಬೇಕು.

ಇಷ್ಟು ಸ್ಥಿರವಾದ ಮೇಲೆ ಬಣ್ಣದ ಕೆಲಸ ಆರಂಭವಾಗುತ್ತದೆ. ಇದರಲ್ಲಿ ಕ್ರಮ ಬಹಳ ಮುಖ್ಯ. ಮೊದಲು ನಾಝಲ್ ಚೆಕ್. ಒಂದು ಬಣ್ಣದಲ್ಲಿ ಕೆಲವು ನಾಝಲ್‌ಗಳು ಕಟ್ಟಿಕೊಂಡಿದ್ದರೆ ಅಲ್ಲಿಂದ ಮುಂದಿನ ಅಳತೆಗಳೆಲ್ಲ ಸುಳ್ಳು. ಆಮೇಲೆ ಹೆಡ್‌ಗಳ ಹೊಂದಾಣಿಕೆ, ಎರಡು ದಿಕ್ಕಿನ ಮುದ್ರಣದ ಹೊಂದಾಣಿಕೆ, ಮೀಡಿಯಾ ಮುಂದೆ ಸಾಗುವ ಹೆಜ್ಜೆಯ ಅಳತೆ, ಹೀಟರುಗಳ ಉಷ್ಣತೆ. ಇವುಗಳನ್ನು ಬರೆದಿಟ್ಟು, ಮುಂದೆ ಆ ಮೀಡಿಯಾಕ್ಕೆ ಅವನ್ನು ಬದಲಿಸುವುದಿಲ್ಲವೆಂದು ನಿರ್ಧರಿಸಿದ ಮೇಲೆಯೇ ಇಂಕ್ ಲಿಮಿಟ್‌ಗೆ ಬರಬೇಕು.

ಇಂಕ್ ಲಿಮಿಟ್ ಎಂದರೆ ಈ ಮೀಡಿಯಾ ಪ್ರತಿಯೊಂದು ಶಾಯಿಯನ್ನು ಎಷ್ಟು ತಾಳಿಕೊಳ್ಳುತ್ತದೆ ಎಂಬ ಮಿತಿ. ಸೊನ್ನೆಯಿಂದ ನೂರರವರೆಗೆ ಏರುವ ಪಟ್ಟಿಯನ್ನು ಪ್ರತಿ ಶಾಯಿಗೂ ಮುದ್ರಿಸಿ ನೋಡಿ. ಒಂದು ಹಂತದ ನಂತರ ಶಾಯಿ ಹೆಚ್ಚಿದರೂ ಬಣ್ಣ ಗಾಢವಾಗುವುದಿಲ್ಲ, ಬದಲಿಗೆ ಬಣ್ಣವೇ ಓರೆಯಾಗುತ್ತದೆ: ಸಯಾನ್ ನೀಲಿಯತ್ತ, ಮೆಜೆಂಟಾ ಕೆಂಪಿನತ್ತ ವಾಲುತ್ತದೆ. ಅಲ್ಲಿಂದಾಚೆಗೆ ಸುರಿಯುವ ಶಾಯಿ ಬಣ್ಣಕ್ಕೂ ಕೇಡು, ಜೇಬಿಗೂ ನಷ್ಟ. ಮುಂದಿನದು ಲೀನಿಯರೈಸೇಶನ್. ಫೈಲಿನಲ್ಲಿ 50 ಎಂದಿರುವ ಛಾಯೆ ಚುಕ್ಕೆ ಹರಡುವುದರಿಂದ ಮುದ್ರಣದಲ್ಲಿ 65 ಅಥವಾ 70ರಂತೆ ಗಾಢವಾಗಿ ಬರಬಹುದು. ಪಟ್ಟಿಯನ್ನು ಬಣ್ಣ ಅಳೆಯುವ ಉಪಕರಣವಾದ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ಅಳೆದಾಗ ರಿಪ್ ಆ ವಕ್ರವನ್ನು ಸರಿಪಡಿಸಿ, ಹೆಜ್ಜೆ ಹೆಜ್ಜೆಗೂ ಛಾಯೆ ಸಮನಾಗಿ ಏರುವಂತೆ ಮಾಡುತ್ತದೆ. ಯಕ್ಷಗಾನದ ಆಟಕ್ಕೆ ಕೂರುವ ಮೊದಲು ಮದ್ದಳೆಯವರು ಭಾಗವತರ ಶ್ರುತಿಗೆ ಮದ್ದಳೆಯನ್ನು ಹೊಂದಿಸಿಕೊಳ್ಳುವ ಕೆಲಸದಂತಹುದು ಇದು, ಹವೆ ಬದಲಾದಾಗ ಮತ್ತೆ ಮಾಡಲೇಬೇಕಾದದ್ದು. ನಾಲ್ಕೂ ಶಾಯಿಗಳು ಒಂದರ ಮೇಲೊಂದು ಬಿದ್ದಾಗಿನ ಒಟ್ಟು ಮಿತಿಯನ್ನು ಇದಾದ ಮೇಲೆ ಗೊತ್ತುಪಡಿಸಬೇಕು. ಸೈದ್ಧಾಂತಿಕವಾಗಿ 400 ಇರುವ ಆ ಮೊತ್ತ ಬಹುತೇಕ ಮೀಡಿಯಾಗಳಲ್ಲಿ 220ರಿಂದ 300ರೊಳಗೆ ನಿಲ್ಲುತ್ತದೆ.

ಕೊನೆಯಲ್ಲಿ ನೂರಾರು ಬಣ್ಣದ ಚೌಕಗಳ ಹಾಳೆಯನ್ನು ಮುದ್ರಿಸಿ, ಪೂರ್ತಿ ಒಣಗಿದ ಮೇಲೆ ಅಳೆದು ಐಸಿಸಿ ಪ್ರೊಫೈಲನ್ನು ತಯಾರಿಸುವುದು. ಬೇರೆ ಬೇರೆ ಕಂಪನಿಗಳ ಉಪಕರಣಗಳು ಬಣ್ಣದ ಬಗ್ಗೆ ಒಂದೇ ಭಾಷೆಯಲ್ಲಿ ಮಾತಾಡಲಿ ಎಂದು 1993ರಲ್ಲಿ ರೂಪುಗೊಂಡ ಒಕ್ಕೂಟದ ಹೆಸರೇ ಆ ಐಸಿಸಿ. ಪ್ರೊಫೈಲ್ ಒಂದು ಯಂತ್ರವನ್ನು ಸರಿಪಡಿಸುವ ಮದ್ದಲ್ಲ. ಆ ಯಂತ್ರ, ಆ ಶಾಯಿ, ಆ ಮೀಡಿಯಾ, ಆ ಪಾಸ್ ಸಂಖ್ಯೆ (ಒಂದೇ ಜಾಗದ ಮೇಲೆ ಹೆಡ್ ಎಷ್ಟು ಸಲ ಓಡುತ್ತದೆ ಎಂಬುದು) ಸೇರಿದಾಗ ಯಾವ ಅಂಕೆಗೆ ಯಾವ ಬಣ್ಣ ಬರುತ್ತದೆ ಎಂಬುದರ ದಾಖಲೆ. ಹಾಗಾಗಿ ನಾಲ್ಕು ಪಾಸ್‌ಗೆ ಮಾಡಿದ ಪ್ರೊಫೈಲನ್ನು ಎಂಟು ಪಾಸ್‌ಗೆ, ಫ್ಲೆಕ್ಸಿಗೆ ಮಾಡಿದ್ದನ್ನು ವಿನೈಲಿಗೆ ಬಳಸುವುದರಲ್ಲಿ ಅರ್ಥವಿಲ್ಲ. ಕರ್ನಾಟಕ ಸರಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ಮತ್ತು ಬ್ಯಾನರುಗಳನ್ನು ನಿಷೇಧಿಸಿದ ಮೇಲೆ ಬಟ್ಟೆಯ ಬ್ಯಾನರ್‌ಗೆ ಬೇಡಿಕೆ ಬಂದಿದೆ. ಬಟ್ಟೆ ಶಾಯಿಯನ್ನು ಒಳಕ್ಕೆ ಎಳೆದುಕೊಳ್ಳುವುದರಿಂದ ಅದರ ಕಪ್ಪು ಮಾಸಲು, ಬಣ್ಣದ ವ್ಯಾಪ್ತಿ ಕಿರಿದು. ಫ್ಲೆಕ್ಸಿನ ಪ್ರೊಫೈಲಿನಲ್ಲೇ ಬಟ್ಟೆಯ ಮೇಲೆ ಮುದ್ರಿಸಿ ಬಣ್ಣ ಬರಲಿಲ್ಲವೆಂದು ಬಟ್ಟೆಯನ್ನು ದೂರುವುದು ತರವಲ್ಲ. ಅದಕ್ಕೆ ಅದರದೇ ಇಂಕ್ ಲಿಮಿಟ್, ಅದರದೇ ಪ್ರೊಫೈಲ್ ಬೇಕು.

ಯಂತ್ರ ಕಾಲಕ್ರಮದಲ್ಲಿ ಜಾರಿದಾಗ ಪ್ರೊಫೈಲನ್ನು ಹೊಸದಾಗಿ ಮಾಡುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಲೀನಿಯರೈಸೇಶನ್ ಪಟ್ಟಿಯನ್ನು ಮತ್ತೆ ಮುದ್ರಿಸಿ ಅಳೆದರೆ ಯಂತ್ರ ತನ್ನ ಹಳೆಯ ಸ್ಥಿತಿಗೆ ಮರಳುತ್ತದೆ, ಹಳೆಯ ಪ್ರೊಫೈಲ್ ಮತ್ತೆ ನಿಜವಾಗುತ್ತದೆ. ಮಳೆಗಾಲ ಹಿಡಿದಾಗ, ಬಿಟ್ಟಾಗ, ಹೆಡ್ ಅಥವಾ ಅದಕ್ಕೆ ಶಾಯಿ ಹಾಯಿಸುವ ಡ್ಯಾಂಪರ್ ಬದಲಾದಾಗ, ಶಾಯಿಯ ಅಥವಾ ಮೀಡಿಯಾದ ಹೊಸ ಬ್ಯಾಚ್ ಬಂದಾಗ ಇದನ್ನು ಮಾಡಿದರೆ ಸಾಕು. ಶಾಯಿಯ ಕಂಪನಿಯನ್ನೇ ಬದಲಿಸಿದರೆ ಮಾತ್ರ ಎಲ್ಲವನ್ನೂ ಮೊದಲಿನಿಂದ ಮಾಡಬೇಕು, ಕಡಿಮೆ ಬೆಲೆಯ ಶಾಯಿಯ ಲೆಕ್ಕ ಹಾಕುವಾಗ ಈ ಕೆಲಸದ ಖರ್ಚನ್ನೂ ಸೇರಿಸಿಕೊಳ್ಳಬೇಕು.

ವಿನ್ಯಾಸಕಾರರು ಈ ಸಭೆಯಲ್ಲಿ ಇದ್ದೀರಿ, ಆದ್ದರಿಂದ ಫೈಲಿನ ಬಗ್ಗೆ ಕೆಲವು ಮಾತುಗಳು. ಯಕ್ಷಗಾನದ ಒಂದು ಪೋಸ್ಟರನ್ನು ತೆಗೆದುಕೊಳ್ಳೋಣ. ವೇಷದ ಕಡುಗೆಂಪು, ಹೊನ್ನಿನ ಬಣ್ಣದ ಆಭರಣ, ಮುಖದ ಬಣ್ಣಗಾರಿಕೆಯ ಹಸಿರು, ಇವೆಲ್ಲ ಕ್ಯಾಮೆರಾದಿಂದ ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕವಾದ ಆರ್‌ಜಿಬಿಯಲ್ಲಿ ಬರುತ್ತವೆ. ಮುದ್ರಣಕ್ಕೆಂದು ನೀವು ಅದನ್ನು ಫೋಟೋಶಾಪಿನಲ್ಲಿ ಸಯಾನ್, ಮೆಜೆಂಟಾ, ಹಳದಿ, ಕಪ್ಪು ಶಾಯಿಗಳ ಲೆಕ್ಕವಾದ ಸಿಎಂವೈಕೆಗೆ ಬದಲಿಸಿದಾಗ, ಸೆಟ್ಟಿಂಗುಗಳನ್ನು ಮುಟ್ಟದಿದ್ದರೆ, ಅದು ಅಮೆರಿಕದ ವೆಬ್ ಆಫ್‌ಸೆಟ್ ಮುದ್ರಣದ ಪ್ರೊಫೈಲಿಗೆ ಬದಲಾಗಿರುವ ಸಂಭವವೇ ಹೆಚ್ಚು. ಹೊಳಪಿನ ವಿನೈಲಿನ ಮೇಲೆ ಒಳ್ಳೆಯ ಇಕೋ ಸಾಲ್ವೆಂಟ್ ಯಂತ್ರ ಅದಕ್ಕಿಂತ ಉಜ್ವಲವಾದ ಬಣ್ಣಗಳನ್ನು ಕೊಡಬಲ್ಲುದು. ಯಂತ್ರಕ್ಕೆ ಸಾಧ್ಯವಿದ್ದ ಕೆಂಪನ್ನು ಯಂತ್ರದ ಬಳಿ ಹೋಗುವ ಮೊದಲೇ ಕತ್ತರಿಸಿ ಹಾಕಿದಂತಾಯಿತು. ಆದ್ದರಿಂದ ಛಾಯಾಚಿತ್ರಗಳನ್ನು ಆರ್‌ಜಿಬಿಯಲ್ಲೇ, ಪ್ರೊಫೈಲನ್ನು ಜೊತೆಗೇ ಅಂಟಿಸಿ ಕಳುಹಿಸಿ. ಬದಲಾವಣೆಯನ್ನು ರಿಪ್ ಮಾಡಲಿ. ಸಣ್ಣ ಕಪ್ಪು ಅಕ್ಷರಗಳು ಮಾತ್ರ ಕಪ್ಪು ಶಾಯಿಯೊಂದರಲ್ಲೇ ಇರಬೇಕು, ಇಲ್ಲವಾದರೆ ಅಂಚುಗಳು ಬಣ್ಣಬಣ್ಣವಾಗಿ ಕಾಣುತ್ತವೆ. ಪ್ರೊಫೈಲೇ ಇಲ್ಲದ ಸಿಎಂವೈಕೆ ಜೆಪೆಗ್ ಬಂದಾಗ ರಿಪ್ ಏನೋ ಒಂದನ್ನು ಊಹಿಸಿಕೊಳ್ಳುತ್ತದೆ, ಆ ಊಹೆ ಅಂಗಡಿಯಿಂದ ಅಂಗಡಿಗೆ ಬೇರೆ. ಉಡುಪಿಯಲ್ಲಿ ಒಂದು ಬಣ್ಣ, ಮಂಗಳೂರಿನಲ್ಲಿ ಇನ್ನೊಂದು ಬಣ್ಣ ಬರುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಯಂತ್ರದ ವ್ಯಾಪ್ತಿಗೆ ಹೊರಗಿರುವ ಬಣ್ಣವನ್ನು ಏನು ಮಾಡಬೇಕೆಂದು ರಿಪ್‌ಗೆ ಹೇಳುವ ಆಯ್ಕೆಗಳು ನಾಲ್ಕು, ನಮಗೆ ಬೇಕಾದವು ಮೂರು. ಛಾಯಾಚಿತ್ರಗಳಿಗೆ ಪರ್ಸೆಪ್ಚುಯಲ್ (ಎಲ್ಲ ಬಣ್ಣಗಳನ್ನೂ ಒಟ್ಟಾಗಿ ಕುಗ್ಗಿಸುವುದು) ಅಥವಾ ರಿಲೇಟಿವ್ ಕಲರಿಮೆಟ್ರಿಕ್ (ವ್ಯಾಪ್ತಿಯೊಳಗಿನ ಬಣ್ಣಗಳನ್ನು ಹಾಗೆಯೇ ಉಳಿಸುವುದು), ಲೋಗೋಗಳಿಗೆ ರಿಲೇಟಿವ್, ಬೇರೊಂದು ಮುದ್ರಣವನ್ನು ಅನುಕರಿಸುವ ಪ್ರೂಫಿಗೆ ಮಾತ್ರ ಆಬ್ಸಲ್ಯೂಟ್ ಎಂದಿಟ್ಟುಕೊಂಡರೆ ತೊಂದರೆಯಿಲ್ಲ. ಅಪ್ಪಟ ಕೇಸರಿಯ ಬಗ್ಗೆ ಗ್ರಾಹಕರಿಗೆ ಮೊದಲೇ ಪ್ರಾಮಾಣಿಕವಾಗಿ ಹೇಳಿಬಿಡಿ: ಮೊಬೈಲ್ ಪರದೆಯಲ್ಲಿ ಬೆಳಗುವ ಕಿತ್ತಳೆ ನಾಲ್ಕು ಶಾಯಿಗಳ ಯಂತ್ರದಲ್ಲಿ ಪೂರ್ತಿಯಾಗಿ ಬರುವುದಿಲ್ಲ. ಎಂದಿನ ಮೀಡಿಯಾದ ಮೇಲೆ ಕೇಸರಿಯ ಇಪ್ಪತ್ತು ಛಾಯೆಗಳನ್ನು ಸಂಖ್ಯೆ ಸಮೇತ ಮುದ್ರಿಸಿದ ಹಾಳೆಯನ್ನು ಮುಂದಿಟ್ಟರೆ ಅವರೇ ಒಂದನ್ನು ಆರಿಸುತ್ತಾರೆ.

ರೆಸಲ್ಯೂಶನ್ ಕುರಿತು ಇರುವ ಭಯ ಅನಗತ್ಯ. ಸಾಮಾನ್ಯ ದೃಷ್ಟಿಯ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸೂಕ್ಷ್ಮತೆಯನ್ನು ಗುರುತಿಸುತ್ತದೆ ಎಂದಿಟ್ಟುಕೊಂಡರೆ ಒಂದು ಮೀಟರ್ ದೂರದಿಂದ ಇಂಚಿಗೆ ಸುಮಾರು 87, ಮೂರು ಮೀಟರಿನಿಂದ ಸುಮಾರು 29 ಪಿಕ್ಸೆಲ್ ಇದ್ದರೆ ಸಾಕಾಗುತ್ತದೆ. 20 ಅಡಿ ಅಗಲ, 10 ಅಡಿ ಎತ್ತರದ ಹೋರ್ಡಿಂಗಿಗೆ ಇಂಚಿಗೆ 30ರಂತೆ 7,200 ಗುಣಿಸು 3,600 ಪಿಕ್ಸೆಲ್‌ಗಳು ಧಾರಾಳ. ವಾಟ್ಸಾಪಿನಲ್ಲಿ ಚಿತ್ರವಾಗಿ ಬಂದ ಫೋಟೋ ಕುಗ್ಗಿ ಬಂದಿರುತ್ತದೆ. ಅದನ್ನು ಡಾಕ್ಯುಮೆಂಟ್ ಆಗಿ ಕಳುಹಿಸಲು ಹೇಳಿ.

ಮುದ್ರಣವನ್ನು ಯಾವ ಬೆಳಕಿನಲ್ಲಿ ನೋಡುತ್ತೇವೆ ಎಂಬುದು ಅರ್ಧದಷ್ಟು ಜಗಳಗಳ ಮೂಲ. ಟ್ಯೂಬ್‌ಲೈಟಿನ ಕೆಳಗೆ ಒಂದೇ ಎನಿಸಿದ ಎರಡು ಬಣ್ಣಗಳು ಬಿಸಿಲಿಗೆ ತಂದಾಗ ಬೇರೆಯಾಗುವುದು ಭ್ರಮೆಯಲ್ಲ, ಬೇರೆ ಬೇರೆ ಶಾಯಿಗಳು ಬೆಳಕನ್ನು ಬೇರೆ ರೀತಿಯಲ್ಲಿ ಪ್ರತಿಫಲಿಸುವುದರ ಫಲ. ಮುದ್ರಣ ಉದ್ಯಮದ ಮಾನಕವಾದ ಐಎಸ್ಒ 3664 ಡಿ50 ಎಂಬ ಬೆಳಕನ್ನು, ಅಂದರೆ ಸುಮಾರು 5,000 ಕೆಲ್ವಿನ್‌ನ ಬೆಳಕನ್ನು, ಹೋಲಿಕೆ ನೋಡಲು 2,000 ಲಕ್ಸ್ ಪ್ರಖರತೆಯಲ್ಲಿ ಹೇಳುತ್ತದೆ. ಗೋಡೆಗಳಿಗೆ ಬೂದು ಬಣ್ಣ ಬಳಿದ ಒಂದು ಮೂಲೆಯಲ್ಲಿ ಒಳ್ಳೆಯ ಡಿ50 ಟ್ಯೂಬ್‌ಗಳನ್ನು ಹಾಕಿಸಿ, ಗ್ರಾಹಕರ ಒಪ್ಪಿಗೆಯನ್ನು ಅಲ್ಲಿಯೇ ಪಡೆಯಿರಿ. ಮಾನಿಟರ್‌ನ ಹೊಳಪನ್ನು ಅಂಗಡಿಯಿಂದ ತಂದ ಹಾಗೆಯೇ ಬಿಟ್ಟರೆ ಮುದ್ರಣವೆಲ್ಲ ಕಪ್ಪಗೆ ಕಾಣುತ್ತದೆ. ಅದನ್ನು ಚದರ ಮೀಟರಿಗೆ 100ರಿಂದ 120 ಕ್ಯಾಂಡೆಲಾದಷ್ಟಕ್ಕೆ ಇಳಿಸಿ ಕ್ಯಾಲಿಬ್ರೇಟ್ ಮಾಡಬೇಕು.

ಇನ್ನು ದಿನನಿತ್ಯದ ನಿಗಾ. ಆಫ್‌ಸೆಟ್‌ನವರ ಪದ್ಧತಿಯನ್ನು ನಾವು ಹಾಗೆಯೇ ತೆಗೆದುಕೊಳ್ಳಬಹುದು. ಪ್ರತಿ ಕೆಲಸದ ಅಂಚಿನಲ್ಲಿ, ಕತ್ತರಿಸಿ ಬಿಸಾಡುವ ಜಾಗದಲ್ಲಿ, ನಾಲ್ಕು ಶಾಯಿಗಳ 100 ಮತ್ತು 50ರ ಚೌಕಗಳನ್ನೂ, ಸಯಾನ್, ಮೆಜೆಂಟಾ, ಹಳದಿ ಸೇರಿ ಆಗುವ ಒಂದು ಬೂದು ಚೌಕವನ್ನೂ ಮುದ್ರಿಸಿ. ಬೂದಿನಲ್ಲಿ ಬಣ್ಣದ ಛಾಯೆ ಸ್ವಲ್ಪ ತಿರುಗಿದರೂ ಕಣ್ಣಿಗೆ ತಕ್ಷಣ ತಿಳಿಯುತ್ತದೆ, ಅಳೆಯುವ ಮೊದಲೇ ಎಚ್ಚರಿಕೆ ಸಿಗುತ್ತದೆ. ವಾರಕ್ಕೊಮ್ಮೆ ಆ ಪಟ್ಟಿಯನ್ನು ಅಳೆದು, ಮೊದಲ ದಿನದ ಪಟ್ಟಿಗೂ ಅದಕ್ಕೂ ಇರುವ ಡೆಲ್ಟಾ ಇ ಎಂಬ ಬಣ್ಣದ ವ್ಯತ್ಯಾಸದ ಅಂಕೆಯನ್ನು ಪುಸ್ತಕದಲ್ಲಿ ಬರೆಯಿರಿ. ಅದೇ ಸಾಲಿನಲ್ಲಿ ಆ ದಿನದ ಆರ್ದ್ರತೆ, ಮೀಡಿಯಾದ ಬ್ಯಾಚ್ ಸಂಖ್ಯೆ ಇರಲಿ. ಡೆಲ್ಟಾ ಇ 1ರ ಆಸುಪಾಸಿನಲ್ಲಿದ್ದರೆ ವ್ಯತ್ಯಾಸ ಕಾಣುವುದೇ ಕಷ್ಟ, 3ರೊಳಗಿದ್ದರೆ ಬ್ಯಾನರ್ ಕೆಲಸಕ್ಕೆ ಚಿಂತೆಯಿಲ್ಲ, 5 ದಾಟಿದರೆ ಗ್ರಾಹಕರಿಗೂ ಕಾಣುತ್ತದೆ. ಸಾಲ್ವೆಂಟ್ ಮುದ್ರಣವನ್ನು ಕನಿಷ್ಠ 24 ಗಂಟೆ ಒಣಗಲು ಬಿಟ್ಟು ಆಮೇಲೆ ಲ್ಯಾಮಿನೇಶನ್ ಮಾಡಿ. ಅವಸರಪಟ್ಟರೆ ಒಳಗೆ ಉಳಿದ ದ್ರಾವಕ ಅಂಟನ್ನು ಮೆತ್ತಗೆ ಮಾಡಿ ಸ್ಟಿಕ್ಕರ್ ಅಂಚಿನಿಂದ ಏಳುತ್ತದೆ.

ಉಪನ್ಯಾಸದ ಬಳಿಕ ಸಭಿಕರೊಬ್ಬರು, ಸ್ಪೆಕ್ಟ್ರೋಫೋಟೋಮೀಟರಿನ ಬೆಲೆ ಸಣ್ಣ ಅಂಗಡಿಗೆ ಎಟುಕುವುದಿಲ್ಲವಲ್ಲ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಲೀನಿಯರೈಸೇಶನ್ ದಿನವೂ ಮಾಡುವ ಕೆಲಸವಲ್ಲವಾದ್ದರಿಂದ ಒಂದೇ ಊರಿನ ನಾಲ್ಕೈದು ಅಂಗಡಿಯವರು ಸೇರಿ ಒಂದು ಉಪಕರಣವನ್ನು ಕೊಂಡು, ದಿನಕ್ಕೊಬ್ಬರಂತೆ ಬಳಸಿಕೊಳ್ಳಬಹುದು. ವ್ಯಾಪಾರದಲ್ಲಿ ಪೈಪೋಟಿ ಇದ್ದರೂ ಇದರಲ್ಲಿ ಸಹಕಾರ ಸಾಧ್ಯ, ಎಲ್ಲರ ಯಂತ್ರಗಳನ್ನೂ ಒಂದೇ ಉಪಕರಣ ಅಳೆದರೆ ಅಂಗಡಿಗಳ ನಡುವೆ ಕೆಲಸ ಹಂಚಿಕೊಳ್ಳುವುದೂ ಸುಲಭವಾಗುತ್ತದೆ. ಹಾಗೆ ಮಾಡುವವರು ಒಂದು ವಿಷಯದಲ್ಲಿ ಜಾಗರೂಕರಾಗಿರಬೇಕು. ಉಪಕರಣದ ಜೊತೆಗೆ ಬರುವ ಬಿಳಿಯ ಕ್ಯಾಲಿಬ್ರೇಶನ್ ಬಿಲ್ಲೆ ಆ ಉಪಕರಣಕ್ಕೆಂದೇ ಅಳೆದು ಕೊಟ್ಟದ್ದು. ಎರಡರ ಕ್ರಮಸಂಖ್ಯೆಯೂ ಒಂದೇ ಆಗಿರಬೇಕು, ಅದರ ಮೇಲೆ ಬೆರಳಿನ ಗುರುತಾಗಲಿ ಶಾಯಿಯ ಕಲೆಯಾಗಲಿ ಬೀಳಬಾರದು. ಪೆಟ್ಟಿಗೆಯನ್ನು ಮುಂದಿನ ಅಂಗಡಿಯವರಿಗೆ ಒಪ್ಪಿಸುವಾಗ ಸಿಲಿಕಾ ಜೆಲ್ ಚೀಲವೊಂದನ್ನು ಒಳಗಿಟ್ಟು, ಬಿಲ್ಲೆಯ ಸಂಖ್ಯೆಯನ್ನು ಇಬ್ಬರೂ ನೋಡಿ ಪುಸ್ತಕದಲ್ಲಿ ಸಹಿ ಹಾಕಿಕೊಳ್ಳಿ.